ಏಳನೆಯದೋ, ಎಂಟನೆಯದೋ

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಲು ಬಂದವರು ಮೊದಲು ಕೇಳುವುದು, "ಇದು ಐ-ಫೈವ್ ಅದ ಏನ್ರಿ?" ಅಂಗಡಿಯವನು "ಹೌದ್ರಿ, ಐ-ಫೈವ್ ಅದ" ಅಂದನೆಂದರೆ ಅರ್ಧ ವ್ಯಾಪಾರ ಮುಗಿದಂತೆ. "ಯಾವ ಜನರೇಷನ್?" ಎಂದು ಕೇಳುವವರು ಕಡಿಮೆ. ಕೇಳಬೇಕಾದದ್ದು ಆ ಎರಡನೇ ಪ್ರಶ್ನೆ ಎಂದು ಹೇಳುವುದಕ್ಕೇ ಈ ಹರಟೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಡಿಗ್ರಿ ಓದುವ ಹುಡುಗರ ಬ್ಯಾಗಿನಲ್ಲಿ, ಆನ್‌ಲೈನ್ ಸೆಂಟರಿನ ಮೇಜಿನ ಮೇಲೆ, ತೊಗರಿ ಅಡತಿ ಅಂಗಡಿಯಲ್ಲಿ ಇರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬಂದವು. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಮಾಲು ಅದು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ತಂದುಕೊಳ್ಳುವವರೂ ಇದ್ದಾರೆ. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದು. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಹಳಿ ಅದು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರಿಗೆ ಬಸ್ಸೇ ಗತಿ.

ಹಾಗೆ ಬಂದ ಮಾಲಿನಲ್ಲಿ ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480 ಎಂಬ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಅದೇ ಕಪ್ಪು ಮೈ, ಕೀಲಿಮಣೆಯ ನಡುವೆ ಅದೇ ಕೆಂಪು ಗುಂಡಿ, ಎರಡರ ಮೇಲೂ ಐ-ಫೈವ್ ಸ್ಟಿಕ್ಕರು. ಗುರುತು ಹಿಡಿಯುವುದೇ ಕಷ್ಟ. ಆದರೆ ಟಿ470ರ ಒಳಗೆ ಸಾಮಾನ್ಯವಾಗಿ ಇರುವುದು ಐ5-7200ಯು ಎಂಬ ಇಂಟೆಲ್ ಪ್ರೊಸೆಸರು, ಟಿ480ರಲ್ಲಿ ಐ5-8250ಯು. ಇವೆರಡರಲ್ಲೂ ಗೆರೆಯ ಮುಂದಿನ ಮೊದಲ ಅಂಕೆಯೇ ಜನರೇಷನ್: ಏಳು ಮತ್ತು ಎಂಟು. ಕೊನೆಯ 'ಯು' ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಜಾತಿ. ಇವೆರಡಕ್ಕೂ ಇಂಟೆಲ್ ಹಾಕಿದ ಮಿತಿ 15 ವ್ಯಾಟ್. ಏಳನೆಯದು ಬಂದದ್ದು 2016ರಲ್ಲಿ, ಎಂಟನೆಯದು 2017ರಲ್ಲಿ. ನಡುವೆ ಒಂದೇ ವರ್ಷ.

ಆ ಒಂದು ವರ್ಷದಲ್ಲಿ ಆದದ್ದು ಅದಕ್ಕೂ ಹಿಂದಿನ ಆರೇಳು ವರ್ಷಗಳಲ್ಲಿ ಆಗಿರಲಿಲ್ಲ. ಮೊದಲ ಜನರೇಷನ್ನಿನಿಂದ ಏಳನೆಯದರವರೆಗೂ ಈ 'ಯು' ಜಾತಿಯ ಐ-ಫೈವ್‌ಗಳಿಗೆ ಕೋರು, ಅಂದರೆ ಲೆಕ್ಕ ಮಾಡುವ ಘಟಕ, ಎರಡೇ. ಎಂಟನೆಯದಕ್ಕೆ ಒಮ್ಮೆಲೇ ನಾಲ್ಕು ಬಂದವು, ಕ್ಯಾಶೆ ಎಂಬ ಒಳಸ್ಮೃತಿ ಮೂರು ಎಂಬಿಯಿಂದ ಆರಕ್ಕೆ ಏರಿತು. ಎಎಂಡಿಯವರ ರೈಜನ್ ಮಾರುಕಟ್ಟೆಗೆ ಇಳಿದ ವರ್ಷವೂ 2017. ಎದುರಾಳಿ ಎದುರಿಗೆ ಬಂದು ನಿಂತಿದ್ದರಿಂದಲೇ ಇಂಟೆಲ್ ಕೈ ಬಿಚ್ಚಿತು ಎಂದು ನಾನಂತೂ ನಂಬಿದ್ದೇನೆ. ಸರ್ವರ್‌ಗಳಿಗೆ ಹೆಚ್ಚು ಕೋರು ಎಂದೋ ಸಿಕ್ಕಿದ್ದವು. ಆರು ಕೋರಿನ ಜಿಯಾನ್ 7400 ಹೊರಬಂದದ್ದು 2008ರಲ್ಲಿ, ಅದರ ವಿನ್ಯಾಸ ಮಾಡಿದ್ದು ಬೆಂಗಳೂರಿನ ಇಂಟೆಲ್ ಎಂಜಿನಿಯರುಗಳು. ನಮ್ಮದೇ ರಾಜ್ಯದಲ್ಲಿ ಆರು ಕೋರು ಹುಟ್ಟಿದ ಒಂಬತ್ತು ವರ್ಷಕ್ಕೆ ನಮ್ಮ ಹುಡುಗರ ಐ-ಫೈವ್ ಲ್ಯಾಪ್‌ಟಾಪಿಗೆ ನಾಲ್ಕು ಬಂದವು!

ಕೋರು ದುಪ್ಪಟ್ಟಾದರೂ ವಿದ್ಯುತ್ತು ಅಷ್ಟೇ ಹೇಗೆ? ಇಲ್ಲಿದೆ ನೋಡಿ ಸೊಗಸು. 7200ಯುನ ಮೂಲ ವೇಗ 2.5 ಗಿಗಾಹರ್ಟ್ಸ್, 8250ಯುನದು 1.6 ಮಾತ್ರ. ಅಂಗಡಿಯಲ್ಲಿ ಇದನ್ನು ಓದಿದವರು "ಹೊಸದೇ ಸ್ಲೋ ಅದಲ್ಲ!" ಅನ್ನುತ್ತಾರೆ. ವೇಗ ಏರಿಸಬೇಕಾದರೆ ವೋಲ್ಟೇಜೂ ಏರಿಸಬೇಕು. ಖರ್ಚಾಗುವ ವಿದ್ಯುತ್ತು ವೇಗದ ಜತೆಗೂ ಹೆಚ್ಚುತ್ತದೆ, ವೋಲ್ಟೇಜಿನ ವರ್ಗದ ಜತೆಗೂ ಹೆಚ್ಚುತ್ತದೆ. ಹಾಗಾಗಿ ಇಬ್ಬರನ್ನು ಓಡಿಸುವುದಕ್ಕಿಂತ ನಾಲ್ವರನ್ನು ನಡೆಸುವುದೇ ಅಗ್ಗ. ಅದೇ 15 ವ್ಯಾಟಿನಲ್ಲಿ ಹಿಂದಿನದಕ್ಕಿಂತ ಶೇಕಡಾ 40ರವರೆಗೆ ಹೆಚ್ಚು ಕೆಲಸ ಎಂದು ಇಂಟೆಲ್ ಹೇಳಿಕೊಂಡಿತು. ಕೋರುಗಳೆಲ್ಲ ದುಡಿಯುವ ಕೆಲಸವಾದರೆ ಅದು ಸುಳ್ಳಲ್ಲ.

ಎಲ್ಲ ಕೆಲಸವೂ ಅಂಥದ್ದಲ್ಲ. ಈ ಮಾತಿಗೆ ನಮ್ಮ ಮಳಖೇಡವನ್ನೇ ನೆನೆಯಬೇಕು. ಸೇಡಂ ತಾಲೂಕಿನ, ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಬರೀ ಗಣಿತಕ್ಕೇ ಮೀಸಲಾದ ಗ್ರಂಥ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದ. ಇವತ್ತು ಎಕ್ಸೆಲ್ ತೆರೆದು ಋಣ ಒಂದರ ವರ್ಗಮೂಲ ಕೇಳಿ, ಅದೂ ಉತ್ತರ ಕೊಡದೆ ದೋಷದ ಗುರುತು ತೋರಿಸುತ್ತದೆ. ಏಳನೆಯದೂ ಅಷ್ಟೇ, ಎಂಟನೆಯದೂ ಅಷ್ಟೇ, ಎರಡೂ ಕಣ್ಣು ಮಿಟುಕಿಸುವುದರೊಳಗೆ. ಇಂಥ ಒಂಟಿ ಲೆಕ್ಕಕ್ಕೆ ದುಡಿಯುವುದು ಒಂದೇ ಕೋರು, ಉಳಿದವು ಸುಮ್ಮನಿರುತ್ತವೆ. ಒಂದೇ ಕೋರಿನ ಗರಿಷ್ಠ ವೇಗ ಏಳನೆಯದರಲ್ಲಿ 3.1, ಎಂಟನೆಯದರಲ್ಲಿ 3.4, ಅಂದರೆ ಹತ್ತು ಪರ್ಸೆಂಟೂ ತುಂಬದ ಹೆಚ್ಚಳ. ನುಡಿಯಲ್ಲಿ ಅರ್ಜಿ ಟೈಪು ಮಾಡುವವರಿಗೆ, ಟ್ಯಾಲಿಯಲ್ಲಿ ತೊಗರಿ ಚೀಟಿ ಏರಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಆನ್‌ಲೈನ್ ಸೆಂಟರಿನಲ್ಲಿ ಪರೀಕ್ಷೆ ಫೀ ಕಟ್ಟುವ ಕೊನೆಯ ದಿನ ನೋಡಿ. ಒಂದು ಕಡೆ ಸೇವಾ ಸಿಂಧು, ಇನ್ನೊಂದು ಕಡೆ ಸ್ಕ್ಯಾನರು, ಮತ್ತೊಂದು ಕಡೆ ಪ್ರಿಂಟು, ಹಿಂದೆ ಆಂಟಿವೈರಸ್ಸು, ಬಾಗಿಲಲ್ಲಿ ಸಾಲು. ಆ ಹೊತ್ತಿಗೆ ನಾಲ್ಕು ಕೋರಿನ ಬೆಲೆ ತಿಳಿಯುತ್ತದೆ.

ಇನ್ನು ನಮ್ಮ ಬಿಸಿಲು. ಯಂತ್ರಗಳ ವೇಗದ ಪಟ್ಟಿಗಳೆಲ್ಲ ತಣ್ಣನೆಯ ಕೋಣೆಯಲ್ಲಿ ಅಳೆದವು. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ 42 ಡಿಗ್ರಿ ಮಾಮೂಲು. ಈ ಎರಡೂ ಪ್ರೊಸೆಸರು ತಾಳುವ ಗರಿಷ್ಠ ಉಷ್ಣಾಂಶ 100 ಡಿಗ್ರಿ. ಹೊರಗೆ 25 ಇದ್ದರೆ ನಡುವಿನ ಅಂತರ 75, ಹೊರಗೆ 42 ಆದರೆ 58. ಶಾಖ ಹೊರಹೋಗುವುದು ಈ ಅಂತರದ ಬಲದಿಂದ. ಅಂದರೆ ಅದೇ ಫ್ಯಾನು ನಮ್ಮೂರಲ್ಲಿ ಹೊರಹಾಕುವ ಶಾಖ ಸುಮಾರು ಕಾಲುಭಾಗ ಕಡಿಮೆ. ಇದರ ಪೆಟ್ಟು ಹೆಚ್ಚು ಬೀಳುವುದು ಎಂಟನೆಯದಕ್ಕೆ. ನಾಲ್ಕೂ ಕೋರು ಜೋರಾಗಿ ಓಡುವಾಗ ಅದು 15 ವ್ಯಾಟ್ ದಾಟಿ ಸ್ವಲ್ಪ ಹೊತ್ತು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ಶಾಖ ಹೊರಹೋಗದಿದ್ದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ತಗ್ಗಿಸಿಕೊಂಡರೂ ಏಳನೆಯದಕ್ಕೆ ಸೋಲುವುದಿಲ್ಲ. ಆದರೆ ಹೈದರಾಬಾದಿನ ಎಸಿ ರೂಮಿನಲ್ಲಿ ತೋರಿಸಿದ ಮುನ್ನಡೆ ವಾಡಿಯ ತಗಡಿನ ಮಾಡಿನ ಕೆಳಗೆ ಉಳಿಯದು.

ಬಿಸಿಲಿನ ಜತೆಗೆ ಧೂಳು. ಸುಣ್ಣಕಲ್ಲಿನ ಗಣಿ, ಸಿಮೆಂಟು, ಫರಸಿ ಪಾಲಿಷಿನ ಊರುಗಳು ನಮ್ಮವು. ಶಹಾಬಾದದಲ್ಲಿ ಬಳಸಿದ ಲ್ಯಾಪ್‌ಟಾಪಿನ ತಳ ಬಿಚ್ಚಿದಾಗ ಒಳಗೆ ನೋಡಿದ್ದೇನೆ. ಫ್ಯಾನಿನ ರೆಕ್ಕೆಗಳು ಅಷ್ಟೇನೂ ಕೊಳಕಾಗಿರುವುದಿಲ್ಲ. ಗಾಳಿ ಹೊರಹೋಗುವ ಕಡೆ ತೆಳ್ಳನೆಯ ಲೋಹದ ಪಟ್ಟಿಗಳ ಸಾಲು ಇರುತ್ತದಲ್ಲ, ಅದರ ಒಳಮುಖದಲ್ಲಿ ಬೂದು ಬಣ್ಣದ ದಪ್ಪ ಪದರ ಕೂತಿರುತ್ತದೆ. ಚಿಮುಟದಿಂದ ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ. ಪ್ರೊಸೆಸರಿನ ಮೇಲೆ ಹಚ್ಚಿದ ಪೇಸ್ಟು ಒಣಗಿ ಉದುರುತ್ತಿರುತ್ತದೆ. ಇಂಥ ಎಂಟನೆಯದಕ್ಕಿಂತ ಸ್ವಚ್ಛಗೊಳಿಸಿ ಹೊಸ ಪೇಸ್ಟು ಹಚ್ಚಿ, ಎಸ್‌ಎಸ್‌ಡಿ ಹಾಕಿದ ಏಳನೆಯದು ಕೈಗೆ ಹಗುರ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಳೆ ಹಾರ್ಡ್ ಡಿಸ್ಕ್ ಇರುವ ಯಂತ್ರವಂತೂ ಯಾವ ಜನರೇಷನ್ನಿನದಾದರೂ ತೆವಳುತ್ತದೆ.

ಹಾಗಾದರೆ ಅಂಕೆ ದೊಡ್ಡದಾದಷ್ಟೂ ಒಳ್ಳೆಯದೇ? ಅದೂ ಅಲ್ಲ. 2019ರಲ್ಲಿ ಬಂದ ಹತ್ತನೇ ಜನರೇಷನ್ನಿನ ಐ5-10210ಯು ತೆಗೆದುಕೊಳ್ಳಿ. ಕೋರು ನಾಲ್ಕೇ, ಕ್ಯಾಶೆ ಆರೇ, ಮೂಲ ವೇಗ ಅದೇ 1.6, ವ್ಯಾಟ್ ಅದೇ 15. ಗರಿಷ್ಠ ವೇಗ ಮಾತ್ರ 4.2ಕ್ಕೆ ಏರಿತು. ಅದೇ ಫರಸಿಗೆ ಇನ್ನೊಂದು ಸುತ್ತು ಪಾಲಿಷ್ ಹೊಡೆದಂತೆ: ಹೊಳಪು ನಿಜ, ಕಲ್ಲು ಹಳೆಯದೇ. ಇನ್ನೂ ಗೊಂದಲದ ಸಂಗತಿಯೆಂದರೆ ಅದೇ ಹತ್ತನೇ ಹೆಸರಿನಲ್ಲಿ ಐ5-1035ಜಿ1 ಎಂಬ ಬೇರೆಯದೇ ವಿನ್ಯಾಸದ ಪ್ರೊಸೆಸರನ್ನೂ ಮಾರಿದರು. ಕೊಳ್ಳುವ ಬಡವನಿಗೆ ಇದು ಹೇಗೆ ತಿಳಿಯಬೇಕು? ಹೆಸರಿಡುವವರು ಗ್ರಾಹಕನಿಗೆ ಅರ್ಥವಾಗುವಂತೆ ಇಡಬೇಕಿತ್ತು ಎಂಬುದು ನನ್ನ ಗಟ್ಟಿ ತಕರಾರು.

ವೇಗದ ಮಾತು ಹೀಗಾದರೆ, ಏಳಕ್ಕೂ ಎಂಟಕ್ಕೂ ನಡುವೆ ಗೋಡೆ ಎಬ್ಬಿಸಿದ್ದು ಮೈಕ್ರೋಸಾಫ್ಟು. 2021ರಲ್ಲಿ ಬಂದ ವಿಂಡೋಸ್ 11, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನಲ್ಲಿ ಎಂಟನೆಯದರಿಂದ ಮೇಲಿನದಕ್ಕೇ ಅಧಿಕೃತ. ಏಳನೆಯದಕ್ಕೆ ಉಳಿದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ದಿನವೂ ಹಾದುಹೋಗುವ ಆನ್‌ಲೈನ್ ಸೆಂಟರಿನಲ್ಲಿ ಭದ್ರತೆಯ ಅಪ್‌ಡೇಟ್ ಇಲ್ಲದ ಯಂತ್ರ ಇಡುವುದು ಊರಿನವರಿಗೆಲ್ಲ ಅಪಾಯ.

ಆದ್ದರಿಂದ ಈ ವರ್ಷ ಮಕ್ಕಳಿಗೆ ಹಳೆ ಲ್ಯಾಪ್‌ಟಾಪ್ ಕೊಡಿಸುವವರಿದ್ದರೆ ಏಳನೆಯದಕ್ಕೆ ದುಡ್ಡು ಹಾಕಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಎಸೆಯಲೂ ಬೇಡಿ, ಲಿನಕ್ಸ್ ಹಾಕಿಸಿದರೆ ಓದುಬರಹಕ್ಕೆ ಇನ್ನೂ ಬಾಳುತ್ತದೆ. ಎಂಟನೆಯದು ಸಿಕ್ಕರೆ ಹತ್ತನೆಯದಕ್ಕೆಂದು ಹೆಚ್ಚು ಕೊಡುವ ದುಡ್ಡನ್ನು ರ‍್ಯಾಮಿಗೂ ಎಸ್‌ಎಸ್‌ಡಿಗೂ ಹಾಕಿ. ಹಣ ಎಣಿಸುವ ಮುನ್ನ ಅಂಗಡಿಯವನಿಗೆ ಹೇಳಿ ತಳ ಬಿಚ್ಚಿಸಿ, ಫ್ಯಾನಿನ ಬಾಯಿಯನ್ನು ನೀವೇ ಕಣ್ಣಾರೆ ನೋಡಿ.