ಹದಿನೆಂಟು ತುಂಬಿದ ಮೇಲೆ

ಹದಿನೆಂಟು ವರ್ಷ ತುಂಬುವುದೆಂದರೆ ನಮ್ಮಲ್ಲಿ ಅನೇಕರಿಗೆ ಒಂದು ಸಂಭ್ರಮ. ಮತದಾರರ ಪಟ್ಟಿಯಲ್ಲಿ ಹೆಸರು ಸೇರುತ್ತದೆ; ಗಾಡಿ ಓಡಿಸಲು ಪರವಾನಗಿ ಸಿಗುತ್ತದೆ; ಹಿರಿಯರು ಬಯ್ಯುವಾಗ ಒಂದು ಮಾತು ಕಡಿಮೆ ಮಾಡುತ್ತಾರೆ. ಕಳೆದ ವರ್ಷ ನನ್ನ ತಮ್ಮ ಪುಟ್ಟನಿಗೆ 18 ತುಂಬಿದಾಗ ಅವನಿಗೆ ದೊರೆತದ್ದು ಒಂದೇ: ಶಾಲೆಯಿಂದ ಬಿಡುಗಡೆ. "ಇನ್ನು ಇವನು ನಮ್ಮ ಪಟ್ಟಿಗೆ ಬರುವುದಿಲ್ಲಮ್ಮ" ಎಂದು ವಿಶೇಷ ಶಾಲೆಯ ಮೇಡಂ ಕಣ್ಣು ತಗ್ಗಿಸಿ ಹೇಳಿದರು. ತಪ್ಪು ಅವರದಲ್ಲ. ಇಂಥ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕಾನೂನು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ ಮಾತ್ರ.

ಪುಟ್ಟನಿಗೆ ಸೆರೆಬ್ರಲ್ ಪಾಲ್ಸಿ. ನಡೆಯಲಾರ, ತುತ್ತು ಕೈಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ಅವನಿಗೆ ಬರುವ ಮಾತು ಎರಡೇ. ಅಪ್ಪ ಬಸ್ ಕಂಡಕ್ಟರು. ಅವರಿಂದ ಕಲಿತ "ರೈಟ್", "ಹೋಲ್ಡಾನ್" ಎಂಬ ಎರಡು ಶಬ್ದಗಳಲ್ಲಿ ತನ್ನ ವ್ಯವಹಾರವನ್ನೆಲ್ಲ ನಡೆಸುತ್ತಾನೆ. ಉಪ್ಪಿಟ್ಟು ರುಚಿಯಾಗಿದ್ದರೆ ರೈಟ್. ಸ್ನಾನದ ನೀರು ಸುಟ್ಟರೆ ಹೋಲ್ಡಾನ್. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಅಭಿಪ್ರಾಯ ತಿಳಿಸುವವರನ್ನು ನಾನು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿಯೂ ಕಂಡಿಲ್ಲ.

ಶಾಲೆ ತಪ್ಪಿದ ಮೇಲೆ ಹಗಲೆಲ್ಲ ಪುಟ್ಟ ಮನೆಯಲ್ಲೇ. ಅಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದಳು. ಎರಡು ತಿಂಗಳಲ್ಲಿ ಅವಳಿಗೆ ಹರ್ನಿಯಾ ಎಂದಾಯಿತು. ಶಸ್ತ್ರಚಿಕಿತ್ಸೆ ಆಗಬೇಕು, ಭಾರ ಎತ್ತಬಾರದು ಎಂದರು ವೈದ್ಯರು. ಅಮ್ಮ ನಕ್ಕಳು. ಅವಳು ದಿನವೂ ಎತ್ತುತ್ತಿದ್ದ ಭಾರ 48 ಕೆ.ಜಿ. ತೂಗುತ್ತಿತ್ತು, ಅದಕ್ಕೊಂದು ಹೆಸರೂ ಇತ್ತು. ಅಪ್ಪನಿಗೆ ವಾರಕ್ಕೆ ಮೂರು ರಾತ್ರಿ ನೈಟ್ ಹಾಲ್ಟ್. ಬಂಧುಗಳು ಪರಿಹಾರ ಕಂಡುಹಿಡಿಯಲು ತಡಮಾಡಲಿಲ್ಲ: "ಮನೆಯಲ್ಲಿ ಹೆಣ್ಣುಮಗಳಿದ್ದಾಳಲ್ಲ? ಬಿ.ಎ. ಎಲ್ಲಿಗೆ ಓಡಿಹೋಗುತ್ತದೆ?" ಬಿ.ಎ. ಓಡಿಹೋಗುವುದಿಲ್ಲ, ನಿಜ. ಆದರೆ ಒಮ್ಮೆ ಬಿಟ್ಟವಳು ಮತ್ತೆ ಅದನ್ನು ಹಿಡಿದದ್ದನ್ನು ನಮ್ಮ ಬೀದಿಯಲ್ಲಿ ನಾನು ನೋಡಿಲ್ಲ.

ಯಾರೋ ಹೇಳಿದರೆಂದು ಊರ ಹೊರಗಿನ ಒಂದು ಮನೆಗೆ ಪುಟ್ಟನನ್ನು ಕರೆದುಕೊಂಡು ಹೋದೆವು. ಹಗಲು ಬಿಡಬಹುದು, ಬೇಕಾದರೆ ಹತ್ತು ದಿನ ರಾತ್ರಿಯೂ ಇಟ್ಟುಕೊಳ್ಳುತ್ತಾರೆ ಎಂದಿದ್ದರು. ನೆಲ ಕನ್ನಡಿಯಂತಿತ್ತು, ಯಜಮಾನರ ಮಾತೂ ಅಷ್ಟೇ ನುಣುಪು. "ಭೇಟಿ ಭಾನುವಾರ ಮಾತ್ರ, ಮೊದಲೇ ಫೋನ್ ಮಾಡಿ ಬನ್ನಿ" ಎಂದರು. ಒಳಕೋಣೆಗೆ ಚಿಲಕ ಹೊರಗಿನಿಂದ ಇತ್ತು. ಬಾಗಿಲ ಸಂದಿನಲ್ಲಿ ಪುಟ್ಟನ ವಯಸ್ಸಿನ ಹುಡುಗನೊಬ್ಬ ಕಂಡ. ಅವನ ಮಣಿಕಟ್ಟನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. "ಬಿದ್ದುಬಿಡುತ್ತಾನೆ, ಅದಕ್ಕೆ" ಎಂದರು ಯಜಮಾನರು. ಬೀಳುತ್ತಿದ್ದನೋ ಏನೋ. ಪುಟ್ಟ "ಹೋಲ್ಡಾನ್" ಎಂದ. ನಾವು ಹಿಂತಿರುಗಿದೆವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಮನೆಗಳನ್ನು ಕೇಳುವವರೇ ಇಲ್ಲವೆ? ಮರುದಿನ ನಮ್ಮ ಗ್ರಂಥಾಲಯದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವನ್ನು ಹುಡುಕಿ ಓದಿದೆ. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ವಿಕಲಚೇತನರ ಪಾಲನೆ, ತರಬೇತಿ, ಪುನರ್ವಸತಿ ಯಾವುದನ್ನೇ ಮಾಡುವ ಸಂಸ್ಥೆ ನೋಂದಣಿಯಾಗಲೇಬೇಕು, ಪ್ರಮಾಣಪತ್ರವನ್ನು ಎದ್ದುಕಾಣುವೆಡೆ ತೂಗುಹಾಕಬೇಕು ಎಂದು ಅದರಲ್ಲಿ ಬರೆದಿದೆ. ಆ ಮನೆಯ ಗೋಡೆಯಲ್ಲಿ ನಾನು ಕಂಡದ್ದು ಕ್ಯಾಲೆಂಡರು ಮಾತ್ರ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಮನೆಗೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಜನ ಓಡಲಾರದೆ ಸತ್ತರು. ಚಿಲಕ ಹೊರಗಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಾನೂನು ಬಿಗಿಯಾಗಬೇಕು, ಅಂಥ ಮನೆಗಳನ್ನೆಲ್ಲ ಮುಚ್ಚಿಸಬೇಕು ಎಂದು ಮನೆಯಲ್ಲಿ ಆವೇಶದಿಂದ ಭಾಷಣ ಮಾಡಿದೆ. ಅಮ್ಮ ಅಕ್ಕಿ ಆರಿಸುತ್ತ ಕೇಳಿದಳು: "ಹಾಗಾದರೆ ಟೀಚರಮ್ಮನ ಮನೆಯನ್ನೂ ಮುಚ್ಚಿಸುತ್ತೀಯಾ?"

ನನ್ನ ಭಾಷಣ ಅಲ್ಲಿಗೆ ನಿಂತಿತು. ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಪಡಸಾಲೆಯಲ್ಲಿ ಪುಟ್ಟನಂಥ ನಾಲ್ವರನ್ನು ಹಗಲು ನೋಡಿಕೊಳ್ಳುತ್ತಾರೆ. ಕಾಗದದ ಚೀಲ ಮಾಡಿಸುತ್ತಾರೆ, ಹಾಡು ಹೇಳಿಸುತ್ತಾರೆ. ಅವರ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಆದರೆ ಅವರಲ್ಲೂ ನೋಂದಣಿಯಿಲ್ಲ. ಬಾಗಿಲಿಗೆ ಗಾಲಿಕುರ್ಚಿಯ ಇಳಿಜಾರಿಲ್ಲ, ಶೌಚಾಲಯ ಹಿತ್ತಲಲ್ಲಿದೆ. ಅಧಿಕಾರಿಗಳು ಅಳತೆಪಟ್ಟಿ ಹಿಡಿದು ಬಂದರೆ ಮೊದಲು ಮುಚ್ಚುವುದು ಇವರ ಪಡಸಾಲೆ. ಕನ್ನಡಿಯಂಥ ನೆಲದವರು ಒಂದು ಪ್ರಮಾಣಪತ್ರ ಸಂಪಾದಿಸಿಕೊಂಡಾರು. ನೋಂದಣಿ ರದ್ದಾದರೆ ಅಲ್ಲಿದ್ದವರನ್ನು ತಂದೆತಾಯಿಗಳಿಗೆ ಒಪ್ಪಿಸಬಹುದು ಅಥವಾ ಬೇರೊಂದು ಸಂಸ್ಥೆಗೆ ಸೇರಿಸಬಹುದು ಎನ್ನುತ್ತದೆ ಕಾನೂನು. ತಾಲ್ಲೂಕಿನಲ್ಲಿ ಬೇರೊಂದು ಇಲ್ಲದಿದ್ದರೆ? ಮತ್ತೆ ಅಮ್ಮನ ಸೊಂಟ. ಇಲ್ಲವೆ ನನ್ನ ಬಿ.ಎ.

ಹಾಗೆಂದು ಒಳ್ಳೆಯ ಮನಸ್ಸಿದ್ದರೆ ಸಾಕು, ಕಾನೂನು ಬೇಡ ಎನ್ನಲಾರೆ. ಟೀಚರಮ್ಮನಿಗೆ ಜ್ವರ ಬಂದ ದಿನ ಪಡಸಾಲೆಗೆ ಯಾರು ಬರುತ್ತಾರೆ, ಅವರು ಎಂಥವರು ಎಂದು ವಿಚಾರಿಸುವವರು ಇರಬೇಕು. ಆದರೆ ವಿಚಾರಿಸಲು ಬಂದವರು ಗೋಡೆಯ ಅಗಲಕ್ಕಿಂತ ಮೊದಲು ಚಿಲಕ ಯಾವ ಕಡೆಗಿದೆ ಎಂದು ನೋಡಲಿ. ತಂದೆತಾಯಿ ಹೇಳದೆ ಕೇಳದೆ ಬರಬಹುದೇ ಎಂದು ಕೇಳಲಿ. ಉಗುರು ಕತ್ತರಿಸಿದೆಯೇ, ಬೆನ್ನಲ್ಲಿ ಹುಣ್ಣಿದೆಯೇ, ಬೆಂಕಿ ಬಿದ್ದರೆ ಎತ್ತಿ ಹೊರತರುವವರು ಎಷ್ಟು ಮಂದಿ ಎಂದು ನೋಡಲಿ. ಇಳಿಜಾರಿಲ್ಲದಿದ್ದರೆ ಬೀಗ ಹಾಕುವ ಬದಲು ಕಟ್ಟಿಸಲು ಹಣವನ್ನೂ ಅವಧಿಯನ್ನೂ ಕೊಡಲಿ. ರಾಷ್ಟ್ರೀಯ ನ್ಯಾಸ ಎಂಬುದು 1999ರ ಕಾನೂನಿನಿಂದ ಹುಟ್ಟಿದ್ದು. ಅದು ಹಗಲು ಪಾಲನೆಗೆ 'ವಿಕಾಸ್', ಮನೆಯವರಿಗೆ ಬಿಡುವು ಕೊಡುವ ವಸತಿಗೆ 'ಸಮರ್ಥ್' ಎಂಬ ಯೋಜನೆಗಳನ್ನು ರೂಪಿಸಿತು. ಹೆಸರುಗಳು ಚೆನ್ನಾಗಿವೆ, ನಮ್ಮ ಬೀದಿಗೆ ಅವು ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಪುಟ್ಟ ಈಗ ಮಗುವಲ್ಲ. 18 ತುಂಬಿದವನ ಪರವಾಗಿ ತಂದೆತಾಯಿ ತಾವಾಗಿಯೇ ರುಜು ಹಾಕುವಂತಿಲ್ಲ. ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕರೆನ್ನಿಸಿಕೊಳ್ಳಬೇಕು. 2016ರ ಅಧಿನಿಯಮವಾದರೋ, ಪೋಷಕರು ಅವನೊಡನೆ ಸಮಾಲೋಚಿಸಿಯೇ ತೀರ್ಮಾನಿಸಬೇಕೆನ್ನುತ್ತದೆ. ಅಂದು ಹೊಸ್ತಿಲಲ್ಲಿ ಅವನು ಹೋಲ್ಡಾನ್ ಎಂದದ್ದು ಹಾಗಾದರೆ ಹಟವಲ್ಲ, ವಯಸ್ಕನೊಬ್ಬನ ಅಭಿಪ್ರಾಯ.

ಅಪ್ಪ 8 ದಿನ ರಜೆ ಹಾಕಿದರು; ನಾನು ಒಂದು ಕಿರುಪರೀಕ್ಷೆ ತಪ್ಪಿಸಿಕೊಂಡೆ; ಅಮ್ಮನ ಶಸ್ತ್ರಚಿಕಿತ್ಸೆ ಮುಗಿಯಿತು. ಟೀಚರಮ್ಮನ ನೋಂದಣಿ ಅರ್ಜಿಯನ್ನು ನಾನೇ ಕೂತು ತುಂಬಿದೆ. 90 ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕೆಂದು ಕಾನೂನಿನಲ್ಲಿದೆ. ಇಂದಿಗೆ 41 ಆಗಿದೆ. ರಾತ್ರಿ ಬಿಡುವ ಜಾಗ ಇನ್ನೂ ಸಿಕ್ಕಿಲ್ಲ. ಅಮ್ಮ ಮತ್ತೆ ಹಾಸಿಗೆ ಹಿಡಿದರೆ ಏನೆಂದು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಸದ್ಯಕ್ಕೆ ಬೆಳಗ್ಗೆ ಒಂಬತ್ತಕ್ಕೆ ಪುಟ್ಟನ ಗಾಲಿಕುರ್ಚಿಯನ್ನು ನಾನೂ ಪಕ್ಕದ ಮನೆಯ ಹುಡುಗನೂ ಸೇರಿ ಆ ಪಡಸಾಲೆಯ ಎರಡು ಮೆಟ್ಟಿಲು ಹತ್ತಿಸುತ್ತೇವೆ. ಒಳಗೆ ಹೋದೊಡನೆ ಅವನು ಹಿಂತಿರುಗಿ ನನ್ನನ್ನು ನೋಡಿ "ರೈಟ್" ಎನ್ನುತ್ತಾನೆ. ಆಮೇಲೆ ನಾನು ಕಾಲೇಜಿಗೆ ಬರುತ್ತೇನೆ.