ಎವರೆಸ್ಟಿನ ದಾರಿಯಲ್ಲಿ ಎಂಟು ಮಂದಿ

ಕಾಶಿಗೋ ರಾಮೇಶ್ವರಕ್ಕೋ ಹೊರಡುವವರಿಗೆ ಬುದ್ಧಿ ಹೇಳುವ ಹಿರಿಯರು ನಮ್ಮಲ್ಲಿ ಮನೆಗೊಬ್ಬರಿರುತ್ತಾರೆ. ಯಾವ ರೈಲನ್ನು ಹಿಡಿಯಬೇಕು, ಯಾವ ಛತ್ರದಲ್ಲಿ ಇಳಿಯಬೇಕು, ಗಂಟಿನಲ್ಲಿ ಏನನ್ನು ಕಟ್ಟಿಕೊಳ್ಳಬೇಕು ಎಂಬುದನ್ನೆಲ್ಲ ಅವರು ಅನುಭವದಿಂದ ಬಲ್ಲರು. ಆದರೆ ಹಿಂದುಮುಂದು ಅರಿಯದ ಏಳೆಂಟು ಮಂದಿಯೊಡನೆ ಸೇರಿಕೊಂಡು ಹಿಮಾಲಯದ ಕಲ್ಲುದಾರಿಯಲ್ಲಿ ಹನ್ನೆರಡು ದಿನ ಕಾಲುನಡಿಗೆಯಿಂದ ಹೋಗಿಬರತಕ್ಕವರಿಗೆ ಬುದ್ಧಿ ಹೇಳುವವರು ವಿರಳ. 2023ನೆಯ ಇಸವಿಯ ಅಕ್ಟೋಬರಿನಲ್ಲಿ ನಾವು ದಂಪತಿಗಳು ಮೈಸೂರಿನಿಂದ ಹೊರಟು, ನೇಪಾಳದಲ್ಲಿ ಎವರೆಸ್ಟಿನ ಬುಡದ ಬಿಡಾರದವರೆಗೆ ಹೋಗುವ ಇಂತಹ ಒಂದು ತಂಡವನ್ನು ಸೇರಿದ್ದೆವು. ಬಿಡಾರವನ್ನು ನಾವು ನೋಡಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಹಾಗಿದ್ದರೂ ಕಲಿತುದು ಕಡಮೆಯಲ್ಲವಾದುದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲನೆಯದಾಗಿ ಸಿದ್ಧತೆಯ ಮಾತು. ಹೊರಡುವುದಕ್ಕೆ ಮೂರು ತಿಂಗಳು ಮುಂಚಿನಿಂದ ನಾವು ವಾರಕ್ಕೆ ಮೂರು ಸಲ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದೆವು. ಹತ್ತುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಕಷ್ಟವೆಂಬುದು ಅಲ್ಲಿಯೇ ತಿಳಿಯಿತು. ಹೊಸ ಬೂಟನ್ನು ಮನೆಯಲ್ಲಿಯೇ ತೊಟ್ಟು ಪಳಗಿಸಬೇಕು. ದಾರಿಯಲ್ಲಿ ಪಳಗಿಸಹೊರಟರೆ ಬೂಟು ಕಾಲನ್ನು ಪಳಗಿಸುತ್ತದೆ! ನಮ್ಮ ದೇಶದವರಿಗೆ ನೇಪಾಳಕ್ಕೆ ಪ್ರವೇಶಪತ್ರ ಬೇಕಿಲ್ಲ. ಆದರೂ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ಇಟ್ಟುಕೊಂಡಿರಬೇಕು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. ಬೆಟ್ಟದ ಮೇಲೆ ಬ್ಯಾಂಕನ್ನು ನೆಚ್ಚುವಂತಿಲ್ಲವಾದುದರಿಂದ ಹಣವನ್ನು ಕಠ್ಮಂಡುವಿನಲ್ಲಿಯೇ ಬದಲಾಯಿಸಿಕೊಳ್ಳುವುದು ಲೇಸು.

ನಡಿಗೆ ಆರಂಭವಾಗುವುದು ಲುಕ್ಲಾ ಎಂಬ ಊರಿನಿಂದ. 2860 ಮೀಟರು ಎತ್ತರದಲ್ಲಿರುವ ಅಲ್ಲಿಯ ವಿಮಾನದಾರಿಯು 527 ಮೀಟರು ಮಾತ್ರ ಉದ್ದವಾಗಿದ್ದು, ಒಂದು ಕೊನೆಯಲ್ಲಿ ಬೆಟ್ಟ, ಇನ್ನೊಂದು ಕೊನೆಯಲ್ಲಿ ಕಣಿವೆ. ಸಣ್ಣ ವಿಮಾನವಾದುದರಿಂದ ಸಾಮಾನು 15 ಕಿಲೋ ಮೀರಬಾರದು. ಮೋಡ ಕವಿದರೆ ವಿಮಾನವು ಹಾರದು. ಜನಸಂದಣಿಯ ಕಾಲದಲ್ಲಿ ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪದಿಂದ ಹೊರಡುವುದರಿಂದ, ನಡುರಾತ್ರಿಯಲ್ಲೆದ್ದು ನಾಲ್ಕೈದು ಗಂಟೆಗಳ ಕಾಲ ಮೋಟಾರಿನಲ್ಲಿ ಕುಳಿತಿರಬೇಕಾಗುತ್ತದೆ. ಹಿಂದಿರುಗುವಾಗ ನಾವು ಎರಡು ದಿನ ಲುಕ್ಲಾದಲ್ಲಿ ಆಕಾಶವನ್ನು ನೋಡುತ್ತ ಕುಳಿತಿದ್ದೆವು. ಆದಕಾರಣ ಮರಳಿ ಬಂದ ಮಾರನೆಯ ದಿನವೇ ಮದುವೆ ಮುಂಜಿಗಳಿಗೆ ಯಾರೂ ಮಾತು ಕೊಡತಕ್ಕದ್ದಲ್ಲ.

ಇನ್ನು ತಂಡದ ವಿಚಾರ. ನಮ್ಮಲ್ಲಿ ಎಂಟು ಮಂದಿ. ಬೆಂಗಳೂರಿನ ನಾಲ್ವರು ತರುಣರು, ಪುಣೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ, ಧಾರವಾಡದ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು, ಮತ್ತು ನಾವಿಬ್ಬರು. ಮಾರ್ಗದರ್ಶಿಗಳು ಇಬ್ಬರು. ಮಾರ್ಗದರ್ಶಿ ಒಬ್ಬನೇ ಆಗಿದ್ದರೆ ನಮ್ಮ ಗತಿಯೇನಾಗುತ್ತಿತ್ತೆಂಬುದನ್ನು ಮುಂದೆ ಹೇಳುತ್ತೇವೆ. ಹಣ ಕಟ್ಟುವ ಮೊದಲು ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಇದು: ಒಬ್ಬರು ಕಾಯಿಲೆ ಬಿದ್ದು ಇಳಿಯಬೇಕಾದರೆ ಅವರೊಡನೆ ಇಳಿಯುವವರು ಯಾರು, ಉಳಿದವರನ್ನು ಕರೆದೊಯ್ಯುವವರು ಯಾರು? ಹೊರೆಯಾಳುಗಳ ವಿಷಯವನ್ನೂ ಕೇಳಬೇಕು. ಸಾಮಾನ್ಯವಾಗಿ ಇಬ್ಬರ ಗಂಟನ್ನು ಒಬ್ಬನು ಹೊರುತ್ತಾನೆ. ನಾವು ತುರುಕುವ ಪ್ರತಿಯೊಂದು ಬೇಡದ ವಸ್ತುವೂ ಮತ್ತೊಬ್ಬರ ಮಗನ ಬೆನ್ನನ್ನು ಸೇರುತ್ತದೆಂಬುದನ್ನು ನೆನೆದರೆ ಗಂಟು ತಾನಾಗಿ ಹಗುರವಾಗುವುದು.

ಊಟಕ್ಕೆ ಅಂಜಬೇಕಾದುದಿಲ್ಲ. ದಾರಿಯುದ್ದಕ್ಕೂ ವಸತಿಗೃಹಗಳಿವೆ. ಅನ್ನ, ಬೇಳೆಕಟ್ಟು, ಪಲ್ಯಗಳ ದಾಲ್‌ಭಾತನ್ನು ಎರಡನೆಯ ಸಲ ಕೇಳಿದರೂ ಬಡಿಸುತ್ತಾರೆ. ಶಾಕಾಹಾರಿಗಳಿಗೆ ಇದಕ್ಕಿಂತ ಉತ್ತಮವಾದುದು ಬೇರೊಂದಿಲ್ಲ. 5000 ಮೀಟರಿನ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿದುಬಿಡುವುದರಿಂದ ಬೇಳೆ ಬೇಯುವುದು ತಡ. ಅಡಿಗೆಯವಳನ್ನು ಅವಸರಪಡಿಸಿ ಪ್ರಯೋಜನವಿಲ್ಲ. ಮೇಲೆ ಹೋದಂತೆ ಹಸಿವು ಕುಂದುತ್ತದೆ. ನಾವು ಒಯ್ದಿದ್ದ ಚಟ್ನಿಪುಡಿಯೂ ನಿಂಬೆಕಾಯಿ ಉಪ್ಪಿನಕಾಯಿಯೂ ಆಗ ಇಡೀ ತಂಡದ ಸ್ನೇಹವನ್ನು ಸಂಪಾದಿಸಿಕೊಟ್ಟವು. ದಾರಿಯಲ್ಲಿ ಯಾಕ್ ಮೃಗಗಳ ಸಾಲು ಎದುರಾದರೆ ಬೆಟ್ಟದ ಪಕ್ಕಕ್ಕೆ ಸರಿದು ನಿಲ್ಲಬೇಕೇ ಹೊರತು ಕಣಿವೆಯ ಪಕ್ಕಕ್ಕಲ್ಲ. ಮಂತ್ರ ಕೆತ್ತಿದ ಕಲ್ಲುಗೋಡೆಗಳನ್ನು ಬಲಕ್ಕಿಟ್ಟುಕೊಂಡು ಹಾಯಬೇಕು. ಪ್ರದಕ್ಷಿಣೆಯನ್ನು ಬಲ್ಲ ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಎತ್ತರದ ಮಾತು. ಬುಡದ ಬಿಡಾರವು 5364 ಮೀಟರಿನಲ್ಲಿದೆ. ಅಲ್ಲಿಯ ಒಂದು ಉಸಿರಿನಲ್ಲಿ ಸಮುದ್ರತೀರದಲ್ಲಿ ದೊರೆಯುವ ಪ್ರಾಣವಾಯುವಿನ ಹೆಚ್ಚುಕಡಮೆ ಅರ್ಧ ಮಾತ್ರ ದೊರೆಯುತ್ತದೆ. ದೇಹವು ಇದಕ್ಕೆ ಮೆಲ್ಲಮೆಲ್ಲನೆ ಒಗ್ಗಬೇಕು. 3000 ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗಿ ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ತಂಗಬೇಕು ಎಂದು ವೈದ್ಯರು ವಿಧಿಸುತ್ತಾರೆ. ಆದುದರಿಂದಲೇ 3440 ಮೀಟರಿನ ನಾಮ್ಚೆಬಜಾರಿನಲ್ಲಿಯೂ 4410 ಮೀಟರಿನ ಡಿಂಗ್‌ಬೋಚೆಯಲ್ಲಿಯೂ ಎರಡೆರಡು ರಾತ್ರಿ ನಿಲ್ಲುವುದು. ಈ ದಿನಗಳನ್ನು ಕತ್ತರಿಸಿ ಅಗ್ಗವಾಗಿ ಕರೆದೊಯ್ಯುತ್ತೇವೆಂಬವರ ಮಾತಿಗೆ ಕಿವಿಗೊಡಬಾರದು. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು, ಇವು ಮೊದಲ ಲಕ್ಷಣಗಳು. ಆಗ ಮೇಲೆ ಹೋಗದೆ ನಿಲ್ಲಬೇಕು. ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ ಕೂಡಲೇ ಕೆಳಗಿಳಿಯಬೇಕು. ಬೆಳಗಾಗಲೆಂದು ಕಾಯುವುದು ಪ್ರಾಣಕ್ಕೆ ಅಪಾಯ. ಒಗ್ಗಿಸುವ ಗುಳಿಗೆಗಳಿವೆ, ಆದರೆ ಅವುಗಳನ್ನು ಮನೆಯಲ್ಲಿಯೇ ವೈದ್ಯರನ್ನು ಕೇಳಿ ತೆಗೆದುಕೊಳ್ಳತಕ್ಕದ್ದು.

ಇಷ್ಟನ್ನೂ ಮಾರ್ಗದರ್ಶಿಯು ಮೊದಲ ದಿನವೇ ಹೇಳಿದ್ದನು. ನಾವೆಲ್ಲರೂ ತಲೆಯಾಡಿಸಿದ್ದೆವು. ಆದರೆ ಎರಡನೆಯ ದಿನ, ನಾಮ್ಚೆಯ ಏರಿನಲ್ಲಿ ಮೇಷ್ಟರು ಹಿಂದೆ ಬಿದ್ದಾಗ, ತರುಣನೊಬ್ಬನು, "ಹೀಗಾದರೆ ಮುಂದಿನ ದೀಪಾವಳಿಗೆ ತಲಪುತ್ತೇವೆ," ಎಂದು ನಗೆಯಾಡಿದನು. ಅವನಿಗೆ ಕೇಡೆಣಿಸುವ ಮನಸ್ಸಿರಲಿಲ್ಲ. ಮೇಷ್ಟರೂ ನಕ್ಕರು. ಆದರೆ ಅಂದಿನಿಂದ ಅವರು ಸಂಜೆ ಎಲ್ಲರೊಡನೆ ಕುಳಿತು ಹರಟುವುದನ್ನು ಬಿಟ್ಟು ಬೇಗನೆ ಮಲಗತೊಡಗಿದರು. ಪ್ರತಿದಿನ ಬೆಳಿಗ್ಗೆ ಮಾರ್ಗದರ್ಶಿಯು ಎಲ್ಲರ ಆರೋಗ್ಯವನ್ನು ವಿಚಾರಿಸುವಾಗ, "ಚಲೋ ಇದ್ದೇನಪಾ," ಎಂದೇ ಉತ್ತರ ಕೊಡುತ್ತಿದ್ದರು. ನಾವೂ ಅದನ್ನು ನಂಬಿದೆವು. ನಂಬುವುದೇ ನಮಗೆ ಅನುಕೂಲವಾಗಿತ್ತು.

ಏಳನೆಯ ದಿನ 4940 ಮೀಟರಿನ ಲೊಬುಚೆಯನ್ನು ಸೇರಿದೆವು. ಮರುದಿನವೇ ಬಿಡಾರ. ಸಂಜೆ ಊಟದ ಮನೆಗೆ ಬಂದ ಮೇಷ್ಟರು ನೆಟ್ಟಗಿದ್ದ ನೆಲದಲ್ಲಿ ಎಡವಿ ಬೆಂಚನ್ನು ಹಿಡಿದುಕೊಂಡರು. ವಿದ್ಯಾರ್ಥಿನಿಯು ಅದನ್ನು ಕಂಡು, ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಗೆರೆಯ ಮೇಲೆ ನಡೆಯಿರೆಂದಳು. ನಾಲ್ಕು ಹೆಜ್ಜೆಗಳನ್ನೂ ಇಡಲಾಗಲಿಲ್ಲ. ತಲೆನೋವು ಎಂದಿನಿಂದ ಎಂದು ಕೇಳಿದರೆ, ಡಿಂಗ್‌ಬೋಚೆಯಿಂದಲೇ ಎಂದರು. "ನನ್ನಿಂದ ನಿಮ್ಮೆಲ್ಲರ ಯಾತ್ರೆ ಕೆಡಬಾರದಲ್ಲಾ, ತಾಯಿ," ಎಂದು ತೊದಲಿದರು. ನಗೆಯಾಡಿದ್ದ ತರುಣನು ಮೊಗ ತಗ್ಗಿಸಿದನು.

ಕಿರಿಯ ಮಾರ್ಗದರ್ಶಿಯೂ ಇಬ್ಬರು ಹೊರೆಯಾಳುಗಳೂ ಆಗಲೇ ಹೊರಟುನಿಂತರು. ಅವರಿಗೆ ಕನ್ನಡ ಬಾರದು. ಮೇಷ್ಟರಿಗೋ ಆಗ ಕನ್ನಡವೇ ಕಷ್ಟವಾಗಿತ್ತು. ಜೊತೆಗೆ ಯಾರಾದರೂ ಬೇಕಾಗಿತ್ತು. ಒಂದು ನಿಮಿಷ ಎಲ್ಲರೂ ಸುಮ್ಮನಿದ್ದರು. ಮೂರು ತಿಂಗಳ ಮೆಟ್ಟಿಲುಗಳೂ ಕೂಡಿಟ್ಟ ಹಣವೂ ನಮ್ಮ ಕಣ್ಣ ಮುಂದೆ ಸುಳಿದವೆಂದರೆ ಸುಳ್ಳಲ್ಲ. ಆದರೆ ನಮ್ಮ ಮನೆಯ ಹಿರಿಯರೇ ಆಗಿದ್ದರೆ ಹೀಗೆ ಲೆಕ್ಕ ಹಾಕುತ್ತಿದ್ದೆವೇ ಎಂದುಕೊಂಡು, ಬೂಟಿನ ದಾರವನ್ನು ಬಿಗಿದೆವು.

ಮೇಷ್ಟರನ್ನು ಹೊರೆಯಾಳುಗಳು ಸರದಿಯ ಮೇಲೆ ಬೆನ್ನ ಮೇಲೆ ಹೊತ್ತರು. ದೀಪದ ಬೆಳಕಿನಲ್ಲಿ ಸುಮಾರು 700 ಮೀಟರು ಇಳಿಯಬೇಕಾಗಿತ್ತು. ದಾರಿಯಲ್ಲಿ, ಪರ್ವತಗಳಲ್ಲಿ ಮಡಿದವರ ನೆನಪಿಗೆ ಕಟ್ಟಿದ ಕಲ್ಲಿನ ಗುಡ್ಡೆಗಳ ಸಾಲು ಇದೆ. ಅಲ್ಲಿ ಯಾರೂ ಮಾತಾಡಲಿಲ್ಲ. ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನವರು ಯಾತ್ರೆಯ ಋತುಗಳಲ್ಲಿ ನಡೆಸುವ ಚಿಕಿತ್ಸಾಲಯವಿದೆ. ಅಲ್ಲಿಯ ವೈದ್ಯರು ರಾತ್ರಿಯೆಲ್ಲ ಪ್ರಾಣವಾಯುವನ್ನೂ ಔಷಧಿಯನ್ನೂ ಕೊಟ್ಟರು. ಬೆಳಗಿನ ಜಾವದಲ್ಲಿ ಮೇಷ್ಟರು ಕಣ್ತೆರೆದು ನಮ್ಮಿಬ್ಬರ ಹೆಸರನ್ನೂ ಸರಿಯಾಗಿ ಹೇಳಿದಾಗ ನಮಗಾದ ಸಂತೋಷವನ್ನು ಯಾವ ಶಿಖರವೂ ಕೊಡಲಾರದು. ಅಂದೇ ಅವರನ್ನು ಹೆಲಿಕಾಪ್ಟರಿನಲ್ಲಿ ಕಠ್ಮಂಡುವಿಗೆ ಸಾಗಿಸಲಾಯಿತು.

ಇಲ್ಲಿ ಇನ್ನೊಂದು ಪಾಠವಾಯಿತು. ಮೇಷ್ಟರ ವಿಮಾಪತ್ರದ ಸಣ್ಣ ಅಕ್ಷರಗಳಲ್ಲಿ 4000 ಮೀಟರಿಗಿಂತ ಮೇಲೆ ನಡೆದುದಕ್ಕೆ ಪರಿಹಾರವಿಲ್ಲವೆಂದು ಬರೆದಿತ್ತಾಗಿ, ಹೆಲಿಕಾಪ್ಟರಿನ ವೆಚ್ಚವೆಲ್ಲವೂ ಅವರ ಮಗನ ಮೇಲೆ ಬಿತ್ತು. ಎಷ್ಟು ಎತ್ತರದವರೆಗೆ ವಿಮೆ ಸಲ್ಲುತ್ತದೆ, ಹೆಲಿಕಾಪ್ಟರು ಸೇರಿದೆಯೇ, ಎಂಬೆರಡನ್ನು ಮನೆಯಲ್ಲಿಯೇ ಓದಿ ತಿಳಿದುಕೊಳ್ಳಬೇಕು.

ನಮ್ಮ ಪಂಕ್ತಿಭೋಜನಗಳಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವುದಿಲ್ಲವಷ್ಟೆ. ಬೆಟ್ಟದ ತಂಡಕ್ಕೂ ಅದೇ ಮರ್ಯಾದೆ ಸಲ್ಲತಕ್ಕದ್ದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನೇ ಮುಂದೆ ಬಿಟ್ಟು ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿದರೆ, ನೋವನ್ನು ಮುಚ್ಚಿಡುವ ಅಗತ್ಯ ಯಾರಿಗೂ ಬಾರದು. ಬಿಡಾರವನ್ನು ಮುಟ್ಟಿಬಂದ ಐವರೂ ಲುಕ್ಲಾದಲ್ಲಿ ನಮ್ಮನ್ನು ಕೂಡಿಕೊಂಡಾಗ, ಆ ತರುಣನು ಅಲ್ಲಿಂದ ಆರಿಸಿ ತಂದಿದ್ದ ಒಂದು ಸಣ್ಣ ಕಲ್ಲನ್ನು ನಮ್ಮ ಕೈಗಿತ್ತು, "ಇದು ಮೇಷ್ಟರಿಗೆ," ಎಂದನು. ನಾವು ಅದನ್ನು ಧಾರವಾಡಕ್ಕೆ ಹೋಗಿ ಒಪ್ಪಿಸಿಬಂದೆವು. ಈಗ ಅದು ಅವರ ಮೇಜಿನ ಮೇಲೆ ಕಾಗದಗಳು ಹಾರದಂತೆ ಕಾಯುತ್ತಿದೆ.