ಹಲ್ಲಿಗೂ ಒಬ್ಬ ಗುರು ಬೇಕು

ಮಠದಲ್ಲಿ ಓದುತ್ತಿದ್ದಾಗ ಗುರುಗಳು ಮೊದಲು ತಿದ್ದುತ್ತಿದ್ದುದು ನಮ್ಮ ಉಚ್ಚಾರವನ್ನು. ತ, ಥ, ದ, ಧ, ನ ಇವು ದಂತ್ಯಗಳು; ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಗಲಿದಾಗಲೇ ಸ್ಪಷ್ಟವಾಗಿ ಹುಟ್ಟುವವು. ಅಕ್ಷರದ ಮೂಲಕ ಹಲ್ಲಿನ ಬೆಲೆಯನ್ನು ಅರಿತಿದ್ದ ನಾನೇ ಕಳೆದ ವರ್ಷ ಐಗಳಿಯ ನಮ್ಮ ಮನೆಯಲ್ಲಿ ಒಂದು ತಪ್ಪು ಮಾಡಿದೆ.

ನನ್ನ ತಂಗಿಯ ಮೊಮ್ಮಗಳಿಗೆ 16 ವರ್ಷ. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ತುಸು ಸಂದಿಯಿತ್ತು. ಲಗ್ನದ ಮನೆಯಲ್ಲಿ ಬಂಧುಗಳೊಬ್ಬರು ಆಡಿದ ಹಗುರ ಮಾತು ಅವಳ ಮನಸ್ಸಿಗೆ ನಾಟಿತು. ಮೊಬೈಲಿನಲ್ಲಿ ಯಾರೋ ತೋರಿಸಿದ ಉಪಾಯದಂತೆ ಆ ಎರಡು ಹಲ್ಲುಗಳಿಗೆ ಸಣ್ಣ ರಬ್ಬರು ಉಂಗುರ ತೊಡಿಸಿದಳು. ಕೆಲವು ವಾರಗಳಲ್ಲಿ ಸಂದಿ ಕೂಡಿತು. "ಅಜ್ಜಾ, ನೋಡ್ರಿ, ಒಂದು ರೂಪಾಯಿ ಖರ್ಚಿಲ್ಲ" ಎಂದಳು. "ಭಾಳ ಶಾಣ್ಯಾಕಿ ಅದಿ ಬಿಡವ್ವಾ" ಎಂದು ನಾನು ಬೆನ್ನು ತಟ್ಟಿದೆ. ಒಂದು ದಿನ ಉಂಗುರ ಕಾಣದಾಯಿತು. ಎಲ್ಲಿಯೋ ಉದುರಿತೆಂದು ಎಲ್ಲರೂ ಮರೆತೆವು.

ಬಸವ ಜಯಂತಿಗಾಗಿ ವಚನ ಹೇಳಿಕೊಡುತ್ತಿದ್ದ ಸಂಜೆ ಅವಳ ದಂತ್ಯಗಳು ಜಾರತೊಡಗಿದವು. ನೋಡಿದರೆ ಒಸಡು ಬಾತಿತ್ತು. ಎರಡೂ ಹಲ್ಲು ಅಲುಗಾಡುತ್ತಿದ್ದವು.

ಬೆಳಗಾವಿಯ ದಂತವೈದ್ಯರು ವಿವರಿಸಿದಾಗ ನಾನು ತಲೆತಗ್ಗಿಸಿದೆ. ಹಲ್ಲಿನ ಬೇರು ಕೆಳಗಿಂದ ಮೊನಚಾಗುತ್ತ ಹೋಗುತ್ತದೆ. ಆದ್ದರಿಂದ ರಬ್ಬರು ಬೇರಿನ ತುದಿಯತ್ತ ಜಾರಿ, ಒಸಡಿನೊಳಗೆ ಅಡಗಿ, ಹಲ್ಲನ್ನು ಎಲುಬಿಗೆ ಹಿಡಿದಿಟ್ಟ ನಾರುಗಳನ್ನೂ ಎಲುಬನ್ನೂ ನಾಶಮಾಡುತ್ತದೆ. ಎಕ್ಸ್‌ರೇ ಚಿತ್ರದಲ್ಲಿಯೂ ಅದು ಸಾಮಾನ್ಯವಾಗಿ ಕಾಣದು. ಒಸಡು ಬಿಡಿಸಿ ಅದನ್ನು ತೆಗೆದರು. ಹಲ್ಲುಗಳನ್ನು ಪಕ್ಕದವುಗಳೊಡನೆ ಬಿಗಿದರು. ಒಂದು ಗಟ್ಟಿಯಾಗಿದೆ. ಇನ್ನೊಂದು ಉಳಿಯುವ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ.

ಹಲ್ಲು ಸರಿಯಬೇಕಾದರೆ ಒಂದು ಬದಿಯ ಎಲುಬು ಕರಗಿ, ಇನ್ನೊಂದು ಬದಿಯಲ್ಲಿ ಹೊಸ ಎಲುಬು ಕೂಡಬೇಕು. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಮಾತ್ರ ಅದರ ನಡಿಗೆ. ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರು ಎಳೆಯ ಬಳ್ಳಿಯನ್ನು ತಂತಿಗೆ ಹಬ್ಬಿಸುವಾಗ ಒಂದೇ ದಿನ ಬಗ್ಗಿಸುವರೇ? ಬಗ್ಗಿಸಿದರೆ ಬಳ್ಳಿ ಮುರಿದೀತು. ಒಸಡಿನ ರೋಗವಿದ್ದಲ್ಲಿ ಹಲ್ಲು ಸರಿಸುವುದು ಇನ್ನೂ ಅಪಾಯ. ಅದನ್ನು ಕನ್ನಡಿ ಹೇಳಲಾರದು, ಪರೀಕ್ಷೆಯೇ ಹೇಳಬೇಕು.

ಈ ಮರುಳು ಹಳ್ಳಿಗಷ್ಟೇ ಸೇರಿದ್ದಲ್ಲ. ಅಮೇರಿಕೆಯ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ 2014ರಿಂದ ಮನೆಗೇ ಹಲ್ಲಿನ ಅಚ್ಚುಗಳನ್ನು ಕಳುಹಿಸುತ್ತಿತ್ತು. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿದಾಗ ಅನೇಕರ ಚಿಕಿತ್ಸೆ ನಡುದಾರಿಯಲ್ಲಿ ನಿಂತಿತು.

ಖರ್ಚಿನ ಭಯವಿರುವುದು ನಿಜ. ಆದರೆ 1916ರಲ್ಲಿ ಶಿಕ್ಷಕರು ಕೂಡಿ ಕಟ್ಟಿದ ನಮ್ಮ ಕೆ.ಎಲ್.ಇ. ಸಂಸ್ಥೆಯೇ ಬೆಳಗಾವಿಯಲ್ಲಿ 1985ರಿಂದ ದಂತ ಮಹಾವಿದ್ಯಾಲಯ ನಡೆಸುತ್ತಿದೆ. ಇಂತಹ ಕಡೆ ಹೋಗಿ ವಿಚಾರಿಸಬೇಕು. ಹಲ್ಲು ಸರಿಪಡಿಸುವ ತಜ್ಞರು 5 ವರ್ಷ ಬಿ.ಡಿ.ಎಸ್., ಅದರ ಮೇಲೆ 3 ವರ್ಷ ಎಂ.ಡಿ.ಎಸ್. ಓದಿರುತ್ತಾರೆ. ಎಂಟು ವರ್ಷದ ವಿದ್ಯೆ ಎರಡು ನಿಮಿಷದ ಚಿತ್ರದಲ್ಲಿ ಹೇಗೆ ಬಂದೀತು?

ಶರಣರು ಶರೀರವನ್ನು ಕೀಳಾಗಿ ಕಾಣಲಿಲ್ಲ. ಅಂಗದ ಮೇಲೆಯೇ ಲಿಂಗವನ್ನು ಧರಿಸಿದರು. ದೀಕ್ಷೆಗೆ ಗುರು ಬೇಕೆನ್ನುವ ನಾವು ಅದೇ ಅಂಗದ ಚಿಕಿತ್ಸೆಗೆ ಗುರು ಬೇಡವೆನ್ನಬಹುದೇ? ಮಕ್ಕಳ ರೂಪವನ್ನು ಕುರಿತು ಹಗುರವಾಗಿ ಆಡುವ ಹಿರಿಯರೂ, ತಿಳಿಯದೆ ಬೆನ್ನು ತಟ್ಟುವ ನನ್ನಂಥವರೂ ಇದನ್ನು ಯೋಚಿಸಬೇಕು. ಈಗ ಆ ಮಗು ಬಾಯಿಗೆ ಸೆರಗು ಮುಚ್ಚಿ ನಗುತ್ತದೆ. ಮೊದಲು ಸಂದಿಯಿದ್ದಾಗ ಅದು ಬಾಯ್ತುಂಬ ನಗುತ್ತಿತ್ತು.